ಕಿಲೋಮೀಟರ್ ಲೆಕ್ಕ ಎಲ್ಲರೂ ಹೇಳ್ತಾರೆ, ಬ್ಯಾಟರಿಯೊಳಗಿನ ದ್ರವದ ಲೆಕ್ಕ ಹೇಳೋರು ಯಾರು?

ಬಂಕಾಪುರದಂಥ ಊರಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಲು ಹೊರಟವರಿಗೆ ಮೂರು ಪ್ರಶ್ನೆಗಳಿಗೆ ಉತ್ತರ ತಕ್ಷಣ ಸಿಗುತ್ತೆ. ಬೆಲೆ ಎಷ್ಟು? ಸಬ್ಸಿಡಿ ಎಷ್ಟು? ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಓಡುತ್ತೆ? ನಾಲ್ಕನೇ ಪ್ರಶ್ನೆಗೆ ಮಾತ್ರ ನೇರ ಉತ್ತರ ಸಿಗೋದಿಲ್ಲ: ನಮ್ಮ ಬೇಸಿಗೆಯನ್ನ ಈ ಬ್ಯಾಟರಿ ಎಷ್ಟು ವರ್ಷ ತಡೆದೀತು?

ಇದು ಸಣ್ಣ ಪ್ರಶ್ನೆ ಅಲ್ಲ. ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಈ ಊರಿನಿಂದ ಶಿಗ್ಗಾಂವಿಗೆ, ಸವಣೂರಿಗೆ, ಹಾವೇರಿಗೆ ದಿನಾ ಓಡಾಡುವವರಿದ್ದಾರೆ. ಹೋಗಿ ಬಂದರೆ ಐವತ್ತು ಕಿಲೋಮೀಟರ್ ಆಸುಪಾಸಿನ ಓಡಾಟ. ಕಾಗದದ ಮೇಲೆ ನೋಡಿದರೆ ಎಲೆಕ್ಟ್ರಿಕ್ ಸ್ಕೂಟರಿಗೆ ಹೇಳಿ ಮಾಡಿಸಿದ ದೂರ. ಆದರೆ ಈ ಭಾಗದಲ್ಲಿ ನನ್ನ ಕಿವಿಗೆ ಮತ್ತೆ ಮತ್ತೆ ಬಿದ್ದ ಮಾತಿನ ಧಾಟಿ ಬೇರೆ: "ಮೊದಲ್ನೇ ವರ್ಷ ಛಲೋ ಬರತಿತ್ತ್ರೀ. ಈಗ ಫುಲ್ ಚಾರ್ಜ್ ಅಂತ ತೋರಸ್ತೈತಿ, ಹಾವೇರಿಗೆ ಹೋಗಿ ಬರೂದ್ರಾಗ ಕೆಂಪ್ ಲೈಟ್ ಬರ್ತೈತಿ." ಸ್ಕೂಟರಿನ ಬೆಲೆಯಲ್ಲಿ ಮೂರನೇ ಒಂದು ಭಾಗದಷ್ಟು ಬ್ಯಾಟರಿಯದ್ದೇ. ಸಾಲದ ಕಂತು ಮುಗಿಯುವ ಮೊದಲೇ ಬ್ಯಾಟರಿ ಸೊರಗಿದರೆ, ಪೆಟ್ರೋಲಿನಲ್ಲಿ ಉಳಿಸಿದ ದುಡ್ಡೆಲ್ಲ ಅಲ್ಲಿಗೇ ಹೋಯ್ತು.

ಬ್ಯಾಟರಿ ಸೊರಗೋಕೆ ಕಾರಣ ಹಲವು ಇರಬಹುದು. ಕಳಪೆ ಸೆಲ್, ಕಳಪೆ ಜೋಡಣೆ, ಬ್ಯಾಟರಿ ನಿಭಾಯಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯ ದೋಷ ಎಲ್ಲವೂ ಇವೆ. ಆದರೆ ನಮ್ಮ ಹವೆಯಲ್ಲಿ ಇವೆಲ್ಲಕ್ಕೂ ತಳಹದಿಯಾಗಿ ನಿಂತಿರೋದು, ಜಾಹೀರಾತಿನಲ್ಲೂ ಸರ್ಕಾರಿ ನೀತಿಯಲ್ಲೂ ಹೆಸರೇ ಕಾಣದ ಒಂದು ವಸ್ತು. ಅದು ಎಲೆಕ್ಟ್ರೋಲೈಟ್. ಶಾಲೆಯಲ್ಲಿ ನಾವು ವಿದ್ಯುದ್ವಿಭಾಜ್ಯ ಅಂತ ಬಾಯಿಪಾಠ ಮಾಡಿದ್ದು ಇದನ್ನೇ. ಇಂಜಿನಿಯರಿಂಗ್ ತರಗತಿಯಲ್ಲಿ ನಾನು ಇದನ್ನ ಎರಡು ಅಂಕದ ವ್ಯಾಖ್ಯೆಯಾಗಿ ಓದಿದ್ದೆ. ಈಗ ಪತ್ರಕರ್ತನಾಗಿ ನೋಡಿದರೆ, ಇದು ಬಳಕೆದಾರರ ಹಕ್ಕಿನ ಪ್ರಶ್ನೆಯಾಗಿಯೇ ಕಾಣುತ್ತೆ.

ನೀರು ಹಾಕಿ ಗೊತ್ತಿದ್ದವರಿಗೆ ಇದು ಹೊಸದಲ್ಲ

ಮನೆಯ ಇನ್ವರ್ಟರಿಗೋ ಟ್ರ್ಯಾಕ್ಟರ್ ಬ್ಯಾಟರಿಗೋ ಡಿಸ್ಟಿಲ್ಡ್ ವಾಟರ್ ಹಾಕಿದವರೆಲ್ಲ ಎಲೆಕ್ಟ್ರೋಲೈಟ್ ಜೊತೆ ವ್ಯವಹಾರ ಮಾಡಿದವರೇ. ಸೀಸದ ಬ್ಯಾಟರಿಯಲ್ಲಿ ಇರೋದು ಗಂಧಕಾಮ್ಲ ಬೆರೆತ ನೀರು. ಚಾರ್ಜ್ ಆಗುವಾಗ ಆ ನೀರು ಸ್ವಲ್ಪ ಸ್ವಲ್ಪವೇ ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆದು ಹಾರಿಹೋಗುತ್ತೆ. ಮಟ್ಟ ಇಳಿಯುತ್ತೆ. ಮುಚ್ಚಳ ತೆಗೆದು ನೀರು ಹಾಕ್ತೀವಿ. ಮುಗೀತು.

ಲಿಥಿಯಂ ಬ್ಯಾಟರಿಯಲ್ಲಿ ನೀರನ್ನ ಬಳಸೋಕೆ ಆಗಲ್ಲ. ಲೆಕ್ಕದ ಪ್ರಕಾರ ನೀರು 1.23 ವೋಲ್ಟ್‌ಗೇ ಒಡೆಯುತ್ತೆ. ಸೀಸದ ಮೇಲ್ಮೈಯಲ್ಲಿ ಆ ಕ್ರಿಯೆ ತುಂಬ ನಿಧಾನ, ಹಾಗಾಗಿ 2 ವೋಲ್ಟಿನ ಸೆಲ್ ಹೇಗೋ ನಿಭಾಯಿಸುತ್ತೆ. ಲಿಥಿಯಂ ಸೆಲ್ಲಿನ ವೋಲ್ಟೇಜ್ ಸಾಮಾನ್ಯವಾಗಿ 3.2ರಿಂದ 3.7, ಪೂರ್ತಿ ಚಾರ್ಜ್ ಆದಾಗ ಕೆಲವು ಬಗೆಗಳಲ್ಲಿ 4.2. ಅಲ್ಲಿ ನೀರು ನಿಲ್ಲೋದಿಲ್ಲ. ಅದಕ್ಕೇ ನೀರಿನ ಅಂಶವೇ ಇಲ್ಲದ ಸಾವಯವ ದ್ರಾವಕಗಳನ್ನ ಬಳಸ್ತಾರೆ.

ಇವತ್ತಿನ ಬಹುಪಾಲು ಸೆಲ್‌ಗಳಲ್ಲಿ ಇರುವ ಮಿಶ್ರಣ ಹೆಚ್ಚುಕಮ್ಮಿ ಒಂದೇ. ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಎಂಬ ಲವಣ, ಲೀಟರಿಗೆ ಸುಮಾರು 150 ಗ್ರಾಂ. ಅದನ್ನ ಕರಗಿಸೋಕೆ ಎಥಿಲೀನ್ ಕಾರ್ಬೊನೇಟ್. ಈ ದ್ರಾವಕ 36 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತೆ. ಅಂದರೆ ಬಂಕಾಪುರದ ಜನವರಿ ಮುಂಜಾನೆ ಅದು ಮೇಣದ ಹಾಗೆ ಗಟ್ಟಿ, ಏಪ್ರಿಲ್ ಮಧ್ಯಾಹ್ನ ನೀರು ನೀರು. ಹಾಗಾಗಿ ಅದನ್ನ ತೆಳುಮಾಡಲು ಡೈಮೀಥೈಲ್ ಕಾರ್ಬೊನೇಟ್‌ನಂಥ ಹಗುರ ದ್ರಾವಕ ಸೇರಿಸ್ತಾರೆ. ಈ ಹಗುರ ದ್ರಾವಕದ ಆವಿಗೆ 18 ಡಿಗ್ರಿಯ ಆಸುಪಾಸಿನಲ್ಲೇ ಕಿಡಿ ತಗುಲಿದರೂ ಹೊತ್ತಿಕೊಳ್ಳುವ ಗುಣ. ಸ್ಕೂಟರ್ ಬೆಂಕಿಯ ಸುದ್ದಿಗಳಲ್ಲಿ ನಿಜವಾಗಿ ಉರಿಯುವ ವಸ್ತುಗಳಲ್ಲಿ ಈ ದ್ರವ ಮುಖ್ಯವಾದದ್ದು.

ಈ ದ್ರವದ ಕೆಲಸ ಏನು? ಲಿಥಿಯಂ ಅಯಾನುಗಳನ್ನ ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟಿಸೋದು, ಎಲೆಕ್ಟ್ರಾನುಗಳನ್ನ ದಾಟಲು ಬಿಡದಿರೋದು. ಎಲೆಕ್ಟ್ರಾನುಗಳು ಹೊರಗಿನ ತಂತಿ ಹಿಡಿದು ಸುತ್ತಿಕೊಂಡು ಹೋಗಬೇಕು. ಆ ಸುತ್ತಿನಲ್ಲೇ ನಿಮ್ಮ ಮೋಟಾರ್ ತಿರುಗೋದು.

ಈ ದ್ರವವೂ ನಿಧಾನಕ್ಕೆ ಕೆಡುತ್ತೆ, ಸೀಸದ ಬ್ಯಾಟರಿಯ ನೀರಿನ ಹಾಗೇ. ಆದರೆ ಇಲ್ಲಿ ತೆಗೆದು ತುಂಬಿಸೋಕೆ ಮುಚ್ಚಳ ಇಲ್ಲ. ಕಾರ್ಖಾನೆಯಲ್ಲಿ ಹಾಕಿದ್ದೇ ಮೊದಲು, ಅದೇ ಕೊನೆ.

ರೊಟ್ಟಿ ಹೆಂಚು ಪಳಗಿಸಿದ ಹಾಗೆ

ಇನ್ನೂ ವಿಚಿತ್ರ ಅಂದರೆ, ಈ ದ್ರವ ಕೆಡದೇ ಇದ್ದರೆ ಬ್ಯಾಟರಿ ಕೆಲಸವನ್ನೇ ಮಾಡೋದಿಲ್ಲ. ಹೊಸ ಕಬ್ಬಿಣದ ಹೆಂಚನ್ನ ನೇರ ರೊಟ್ಟಿಗೆ ಇಡೋದಿಲ್ಲ, ಮೊದಲು ಎಣ್ಣೆ ಸವರಿ ಕಾಯಿಸಿ ಪಳಗಿಸ್ತಾರಲ್ವಾ? ಆ ಎಣ್ಣೆ ಸುಟ್ಟು ಒಂದು ತೆಳು ಪದರ ಕೂರುತ್ತೆ. ಆಮೇಲೆ ಆ ಪದರವೇ ಹೆಂಚನ್ನ ಕಾಯುತ್ತೆ. ಲಿಥಿಯಂ ಸೆಲ್ಲಿನಲ್ಲೂ ಹಾಗೆಯೇ. ಮೊದಲ ಚಾರ್ಜಿನಲ್ಲಿ ದ್ರವದ ಸ್ವಲ್ಪ ಭಾಗ ಒಡೆದು ಗ್ರಾಫೈಟ್ ಮೇಲೆ ಕೆಲವು ನ್ಯಾನೋಮೀಟರಿನ ಪದರ ಕಟ್ಟುತ್ತೆ. ಲಿಥಿಯಂ ಅಯಾನು ಅದರೊಳಗೆ ತೂರಿ ಹೋಗುತ್ತೆ, ದ್ರವ ಮಾತ್ರ ಒಳಗೆ ಹೋಗಿ ಇನ್ನಷ್ಟು ಕೆಡೋದಿಲ್ಲ. 1979ರಲ್ಲಿ ಇಸ್ರೇಲಿನ ಎಮಾನುಯೆಲ್ ಪೆಲೆಡ್ ಈ ಪದರಕ್ಕೆ ಹೆಸರು ಕೊಟ್ಟು ವಿವರಿಸಿದರು.

ಪದರ ಹೇಗೆ ಕೂರುತ್ತೆ ಅನ್ನೋದು ದ್ರವದ ರಸಾಯನವನ್ನ ಅವಲಂಬಿಸಿದೆ. ಮೊದಮೊದಲು ಪ್ರೊಪಿಲೀನ್ ಕಾರ್ಬೊನೇಟ್ ಬಳಸಿದಾಗ ಗ್ರಾಫೈಟ್ ಈರುಳ್ಳಿ ಸಿಪ್ಪೆಯ ಹಾಗೆ ಕಳಚಿ ಬರ್ತಿತ್ತು. 1991ರಲ್ಲಿ ಸೋನಿ ಮೊದಲ ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ತಂದಾಗ ಗ್ರಾಫೈಟ್ ಬಳಸಿರಲೇ ಇಲ್ಲ, ಬೇರೆ ಬಗೆಯ ಇಂಗಾಲ ಬಳಸಿತ್ತು. ಎಥಿಲೀನ್ ಕಾರ್ಬೊನೇಟ್ ಬಂದ ಮೇಲೆ ಪದರ ಗಟ್ಟಿಯಾಗಿ ಕೂತಿತು, ಗ್ರಾಫೈಟ್ ಉಳಿಯಿತು. ಈ ಎರಡು ದ್ರಾವಕಗಳ ನಡುವಿನ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು. ಅಷ್ಟು ಸಣ್ಣ ಬದಲಾವಣೆಯಿಂದ ಇಡೀ ಉದ್ಯಮಕ್ಕೆ ದಾರಿ ಸಿಕ್ಕಿತು.

ಆದರೆ ಪಳಗಿಸೋಕೆ ಖರ್ಚಿದೆ. ಸೆಲ್ಲಿನ ಲಿಥಿಯಂನಲ್ಲಿ ಶೇ 5ರಿಂದ 10ರಷ್ಟು ಮೊದಲ ಚಾರ್ಜಿನಲ್ಲೇ ಆ ಪದರಕ್ಕೆ ಹೋಗುತ್ತೆ. ಮುಂದೆ ಪದರ ಬಿರುಕು ಬಿಟ್ಟಾಗಲೆಲ್ಲ ಹೊಸ ಪದರ ಕೂರುತ್ತೆ, ಇನ್ನಷ್ಟು ಲಿಥಿಯಂ ಖರ್ಚಾಗುತ್ತೆ. ಡ್ಯಾಶ್‌ಬೋರ್ಡಿನಲ್ಲಿ 100 ಅಂತ ತೋರಿಸಿಯೂ ಹಾವೇರಿಗೆ ಹೋಗಿ ಬರೋಕೆ ಸಾಲದ ಸ್ಥಿತಿ ಹುಟ್ಟೋದು ಮುಖ್ಯವಾಗಿ ಹೀಗೆ. ಆ 100 ಅನ್ನೋದು ಉಳಿದಿರುವ ಸಾಮರ್ಥ್ಯದ ನೂರು, ಹೊಸದರಲ್ಲಿ ಇದ್ದ ಸಾಮರ್ಥ್ಯದ್ದಲ್ಲ.

ಬೇಸಿಗೆಯ ಲೆಕ್ಕ

ರಸಾಯನಶಾಸ್ತ್ರದಲ್ಲಿ ಒಂದು ಸ್ಥೂಲ ನಿಯಮ ಇದೆ. ಬಿಸಿ 10 ಡಿಗ್ರಿ ಹೆಚ್ಚಾದರೆ ಕ್ರಿಯೆಯ ವೇಗ ಸುಮಾರು ದುಪ್ಪಟ್ಟು. 25 ಡಿಗ್ರಿಯಲ್ಲಿ ಇಟ್ಟ ಬ್ಯಾಟರಿಗೂ 45 ಡಿಗ್ರಿಯಲ್ಲಿ ಇಟ್ಟ ಬ್ಯಾಟರಿಗೂ ಕೆಡುವ ವೇಗದಲ್ಲಿ ನಾಲ್ಕು ಪಟ್ಟಿನ ಆಸುಪಾಸಿನ ವ್ಯತ್ಯಾಸ. ನಿಖರ ಸಂಖ್ಯೆ ಸೆಲ್ಲಿನಿಂದ ಸೆಲ್ಲಿಗೆ ಬದಲಾಗುತ್ತೆ, ದಿಕ್ಕು ಬದಲಾಗಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನ ಉಷ್ಣಾಂಶ 38 ಡಿಗ್ರಿ ಮುಟ್ಟುವ ಪ್ರದೇಶ ಇದು. ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದ, ಡಾಂಬರು ರಸ್ತೆಯಲ್ಲಿ ಓಡಿ ಬಂದ ಸ್ಕೂಟರಿನ ಸೀಟಿನ ಕೆಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಅದೇ ಬಿಸಿಯಲ್ಲಿ ಬಂದ ತಕ್ಷಣ ಚಾರ್ಜಿಗೆ ಹಾಕ್ತೀವಿ.

ಬಿಸಿಯ ಜೊತೆ ತೇವ ಸೇರಿದರೆ ಕಥೆ ಇನ್ನೂ ಕೆಡುತ್ತೆ. ಈ ಲವಣಕ್ಕೆ ನೀರು ಕಂಡರೆ ಆಗಲ್ಲ. ನೀರು ತಗುಲಿದರೆ ಒಡೆದು ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತೆ. ಅದು ಪಳಗಿದ ಪದರವನ್ನ ತಿನ್ನುತ್ತೆ, ಧನ ಧ್ರುವದ ಲೋಹವನ್ನ ಕರಗಿಸುತ್ತೆ. ಹಾಗಾಗಿಯೇ ಸೆಲ್ ತಯಾರಿಸುವ ಕೋಣೆಗಳಲ್ಲಿ ಗಾಳಿಯನ್ನ ಮರುಭೂಮಿಗಿಂತ ಒಣಗಿಸಿ ಇಟ್ಟಿರ್ತಾರೆ, ದ್ರವದಲ್ಲಿ ನೀರಿನ ಅಂಶ 20 ಪಿಪಿಎಂ ದಾಟದ ಹಾಗೆ ನೋಡಿಕೊಳ್ತಾರೆ. ಆ ಶಿಸ್ತಿನಲ್ಲಿ ಉಳಿಸಿದ ದುಡ್ಡನ್ನ ಮುಂದೆ ಎರಡು ಮೂರು ವರ್ಷದಲ್ಲಿ ಕೊಳ್ಳುಗ ಕಟ್ತಾನೆ. ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಹೊಲಕ್ಕೆ ಎಣ್ಣಿ ಹೊಡೆಯೋ ಬ್ಯಾಟರಿ ಪಂಪಿನ ಒಳಗೆ ಬರುವ ಅಗ್ಗದ ಲಿಥಿಯಂ ಪ್ಯಾಕಿಗೂ ಇದೇ ಮಾತು ಅನ್ವಯ. ಅದರ ಸೆಲ್ ಎಲ್ಲಿಯದು, ಯಾವ ವರ್ಷದ್ದು ಅಂತ ಕೇಳಿದರೆ ಅಂಗಡಿಯವರಿಗೂ ಗೊತ್ತಿರೋದಿಲ್ಲ.

"ನಮ್ಮದು ಎಲ್‌ಎಫ್‌ಪಿ, ಹಾಗಾಗಿ ಚಿಂತೆ ಇಲ್ಲ" ಅನ್ನೋ ಮಾತು ಮಾರಾಟಗಾರರ ಬಾಯಲ್ಲಿ ಈಗ ಸಾಮಾನ್ಯ. ಎಲ್‌ಎಫ್‌ಪಿ ಅಂದರೆ ಲಿಥಿಯಂ ಐರನ್ ಫಾಸ್ಫೇಟ್. 1997ರಲ್ಲಿ ಪಾಢಿ, ನಂಜುಂಡಸ್ವಾಮಿ ಮತ್ತು ಜಾನ್ ಗುಡೆನಫ್ ಇದರ ಬಗ್ಗೆ ಪ್ರಬಂಧ ಬರೆದರು. ಗುಡೆನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಒಟ್ಟು ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂತು. ಈ ವಸ್ತು ಬಿಸಿಗೆ ಸುಲಭವಾಗಿ ಆಕ್ಸಿಜನ್ ಬಿಡೋದಿಲ್ಲ, ವೋಲ್ಟೇಜೂ ಕಡಿಮೆ. ಹಾಗಾಗಿ ಬೆಂಕಿಯ ವಿಷಯದಲ್ಲಿ ಎನ್‌ಎಂಸಿಗಿಂತ ಖಂಡಿತ ಮೇಲು, ಸಾಮಾನ್ಯವಾಗಿ ಬಾಳಿಕೆಯಲ್ಲೂ ಮೇಲು. ಆದರೆ ಎಲ್‌ಎಫ್‌ಪಿ ಅನ್ನೋದು ಒಂದು ಧ್ರುವದ ಹೆಸರು ಅಷ್ಟೇ. ಇನ್ನೊಂದು ಧ್ರುವ ಅದೇ ಗ್ರಾಫೈಟ್, ನಡುವೆ ಇರೋದು ಹೆಚ್ಚುಕಮ್ಮಿ ಅದೇ ದ್ರವ. ಬಿಸಿಲಿಗೆ ದ್ರವ ಕೆಟ್ಟರೆ ಎಲ್‌ಎಫ್‌ಪಿ ಕೂಡ ಸೊರಗುತ್ತೆ.

ಒಗ್ಗರಣೆಯಷ್ಟು ರಸಾಯನ, ವರ್ಷಗಟ್ಟಲೆ ವ್ಯತ್ಯಾಸ

ಹಾಗಾದರೆ ಉಪಾಯವೇ ಇಲ್ಲವಾ? ಇದೆ. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಜೆಫ್ ಡಾನ್ ಅವರ ತಂಡ ದಶಕಗಳಿಂದ ಮಾಡ್ತಾ ಬಂದಿರೋದು ಇದೇ ಕೆಲಸ. ವಿನೈಲೀನ್ ಕಾರ್ಬೊನೇಟ್‌ನಂಥ ಪದಾರ್ಥವನ್ನ ಶೇ 1-2ರಷ್ಟು ಸೇರಿಸಿದರೆ ಪದರ ಗಟ್ಟಿಯಾಗಿ ಕೂರುತ್ತೆ, ಬಾಳಿಕೆ ಗಣನೀಯವಾಗಿ ಹೆಚ್ಚುತ್ತೆ. 2019ರಲ್ಲಿ ಈ ತಂಡ ಪ್ರಕಟಿಸಿದ ಸೆಲ್‌ಗಳ ಮಾಹಿತಿ, ಒಂದು ಕಾರು ಹತ್ತು ಲಕ್ಷ ಮೈಲಿ ಓಡುವಷ್ಟು ಬಾಳಿಕೆಯ ಸಾಧ್ಯತೆ ತೋರಿಸಿತು. 2022ರ ಇನ್ನೊಂದು ಪ್ರಬಂಧದಲ್ಲಿ ಬಿಸಿ ತಡೆಯುವ ಬೇರೆ ಲವಣ ಬಳಸಿ, ವೋಲ್ಟೇಜ್ ತಗ್ಗಿಸಿದರೆ ಇನ್ನೂ ದೀರ್ಘ ಆಯುಷ್ಯ ಸಾಧ್ಯ ಅಂತ ತೋರಿಸಿದರು.

ಅದೇ ವಿಶ್ವವಿದ್ಯಾಲಯದಲ್ಲಿ ಮೈಕಲ್ ಮೆಟ್ಜರ್ ಅವರ ತಂಡದ ಪತ್ತೆ ನನಗೆ ಇನ್ನೂ ಮಹತ್ವದ್ದು ಅನ್ನಿಸುತ್ತೆ. ಸುಮ್ಮನೆ ಇಟ್ಟ ಬ್ಯಾಟರಿ ಯಾಕೆ ತಾನಾಗಿ ಇಳಿಯುತ್ತೆ ಅಂತ ಹುಡುಕುತ್ತಾ ಅವರು ಸೆಲ್‌ಗಳನ್ನ 25ರಿಂದ 70 ಡಿಗ್ರಿವರೆಗೆ ಬಿಸಿ ಮಾಡಿ ಬಿಚ್ಚಿದರು. ಬಣ್ಣವೇ ಇರಬಾರದ ದ್ರವ ಕೆಂಪಾಗಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಒಳಗಿನ ಪದರಗಳನ್ನ ಹಿಡಿದಿಡಲು ಅಂಟಿಸಿದ್ದ ಟೇಪು. ನೀರಿನ ಬಾಟಲಿಗೆ ಬಳಸುವ ಪಿಇಟಿ ಪ್ಲಾಸ್ಟಿಕ್ಕೇ ಅದು. ಅದು ದ್ರವದಲ್ಲಿ ಒಡೆದು, ಒಂದು ಧ್ರುವದಿಂದ ಇನ್ನೊಂದಕ್ಕೆ ಕದ್ದು ವಿದ್ಯುದಾವೇಶ ಸಾಗಿಸುವ ಅಣುವನ್ನ ಹುಟ್ಟಿಸ್ತಿತ್ತು. 2023ರಲ್ಲಿ ಸುದ್ದಿಯಾದ ಈ ಶೋಧಕ್ಕೆ ಪರಿಹಾರ ಬಹಳ ಸರಳ: ಬೇರೆ ಪ್ಲಾಸ್ಟಿಕ್ಕಿನ ಟೇಪು.

ಇದರಿಂದ ತಿಳಿಯೋದು ಇಷ್ಟು. ಬಾಳಿಕೆ ಬರುವ ಬ್ಯಾಟರಿ ಮಾಡೋಕೆ ಜ್ಞಾನ ಇದೆ, ಹೆಚ್ಚುವರಿ ಖರ್ಚು ಅಸಾಧ್ಯದ್ದಲ್ಲ. ಕಂಪನಿ ಅದನ್ನ ಮಾಡಿದೆಯಾ ಇಲ್ಲವಾ ಅನ್ನೋದು ಮಾತ್ರ ನಿಮಗೆ ಹೊರಗಿನಿಂದ ಕಾಣೋದಿಲ್ಲ.

ಮಂಡ್ಯದ ಲಿಥಿಯಂ, ಧಾರವಾಡದ ಕಾರ್ಖಾನೆ, ಮತ್ತು ನಡುವಿನ ಖಾಲಿ ಜಾಗ

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯ ಅಲ್ಲ. ಎಲೆಕ್ಟ್ರಿಕ್ ವಾಹನ ನೀತಿಯನ್ನ ದೇಶದಲ್ಲೇ ಮೊದಲು ತಂದಿದ್ದು ನಾವು, 2017ರಲ್ಲಿ. 2025ರ ಫೆಬ್ರವರಿಯಲ್ಲಿ ಬಂದ ಹೊಸ ಕ್ಲೀನ್ ಮೊಬಿಲಿಟಿ ನೀತಿ 50 ಸಾವಿರ ಕೋಟಿ ರೂಪಾಯಿ ಹೂಡಿಕೆ, ಒಂದು ಲಕ್ಷ ಉದ್ಯೋಗದ ಗುರಿ ಇಟ್ಟುಕೊಂಡಿದೆ. ಕೇಂದ್ರ 2021ರಲ್ಲಿ ಸೆಲ್ ತಯಾರಿಕೆಗೆ 18,100 ಕೋಟಿ ರೂಪಾಯಿಯ ಪ್ರೋತ್ಸಾಹಧನ ಯೋಜನೆ ಘೋಷಿಸಿತು. ಆಯ್ಕೆಯಾದ ಕಂಪನಿಗಳಲ್ಲಿ ಒಂದಾದ ರಾಜೇಶ್ ಎಕ್ಸ್‌ಪೋರ್ಟ್ಸ್ ತನ್ನ ಕಾರ್ಖಾನೆಗೆ ಆರಿಸಿಕೊಂಡಿದ್ದು ಧಾರವಾಡವನ್ನ. ಆದರೆ ಯೋಜನೆಯ 50 ಗಿಗಾವ್ಯಾಟ್-ಅವರ್ ಗುರಿಯ ಹತ್ತಿರಕ್ಕೂ ದೇಶದ ಉತ್ಪಾದನೆ ಬಂದಿಲ್ಲ.

ಇತ್ತ ಮಂಡ್ಯದ ಮರಳಗಾಲ ಪ್ರದೇಶದಲ್ಲಿ ಲಿಥಿಯಂ ಸಿಕ್ಕಿತು ಅಂತ ದೊಡ್ಡ ಸದ್ದಾಯ್ತು. 2020ರಲ್ಲಿ 14,100 ಟನ್ ಅನ್ನೋ ಅಂದಾಜು ಹರಿದಾಡಿತು. 2021ರಲ್ಲಿ ಅಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಅಂದಾಜು 1,600 ಟನ್‌ಗೆ ಇಳಿಯಿತು. ಆ ಲಿಥಿಯಂ ನಾಳೆಯೇ ಮೇಲೆ ಬಂದರೂ ಅದರಿಂದ ಎಲೆಕ್ಟ್ರೋಲೈಟ್ ಆಗೋದಿಲ್ಲ. ಅದಕ್ಕೆ ಫ್ಲೋರಿನ್ ರಸಾಯನ ಬೇಕು, ಅತಿಶುದ್ಧ ದ್ರಾವಕ ಬೇಕು, ಪಿಪಿಎಂ ಮಟ್ಟದಲ್ಲಿ ತೇವ ಅಳೆಯುವ ಶಿಸ್ತು ಬೇಕು. ಈ ಲವಣ ಮತ್ತು ದ್ರವದ ಉತ್ಪಾದನೆಯ ಬಹುಪಾಲು ಇವತ್ತು ಚೀನಾದ ಕೈಯಲ್ಲಿದೆ. ನಮ್ಮಲ್ಲಿ ಗುಜರಾತಿನ ಕೆಲವು ರಸಾಯನ ಕಂಪನಿಗಳು ಈ ಕ್ಷೇತ್ರಕ್ಕೆ ಈಗಷ್ಟೇ ಕಾಲಿಟ್ಟಿವೆ. ಗಣಿಯ ಬಗ್ಗೆ ಮಾತಾಡುವ ರಾಜಕಾರಣಿಗಳು ಈ ನಡುವಿನ ಕೊಂಡಿಯ ಹೆಸರೇ ಎತ್ತೋದಿಲ್ಲ.

ದ್ರವವೇ ಬೇಡದ ಬ್ಯಾಟರಿ ಬರುತ್ತಲ್ಲ ಅಂತ ಕೇಳುವವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾಗಫಣಿ ಏತುಕೂರಿ ಅವರ ತಂಡ ಘನ ಎಲೆಕ್ಟ್ರೋಲೈಟ್ ಒಳಗೆ ಲಿಥಿಯಂ ಮುಳ್ಳುಗಳು ಬೆಳೆಯೋದನ್ನ ತಡೆಯುವ ಬಗ್ಗೆ 2022ರಲ್ಲಿ ಮುಖ್ಯ ಪ್ರಬಂಧ ಪ್ರಕಟಿಸಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ವೇಗವಾಗಿ ಚಾರ್ಜ್ ಆಗುವ ಸೋಡಿಯಂ ಬ್ಯಾಟರಿಯ ಕೆಲಸಕ್ಕೆ 2025ರಲ್ಲಿ ಸುದ್ದಿಯಾಯ್ತು. ಹೆಮ್ಮೆಯ ಕೆಲಸಗಳೇ. ಆದರೆ ಘನ ಬ್ಯಾಟರಿ ಸ್ಕೂಟರಿನ ಬೆಲೆಗೆ ಇಳಿಯೋಕೆ ಕಾಲ ಬೇಕು. ಇನ್ನು ಈಗ ಮಾರುಕಟ್ಟೆಗೆ ಬರುತ್ತಿರುವ ಸೋಡಿಯಂ ಬ್ಯಾಟರಿಗಳ ಒಳಗೂ ಬಹುಪಾಲು ಇದೇ ಬಗೆಯ ದ್ರವ. ಮುಂದಿನ ಹತ್ತು ಬೇಸಿಗೆಯ ಪ್ರಶ್ನೆಯನ್ನ ಇವತ್ತಿನ ದ್ರವದಲ್ಲೇ ಬಗೆಹರಿಸಿಕೊಳ್ಳಬೇಕು.

ಬಿಚ್ಚುವ ಕೈಗಳ ಕಥೆ

ಬ್ಯಾಟರಿ ಸೊರಗಿದ ಮೇಲೆ ಅದು ಹೋಗೋದು ಎಲ್ಲಿಗೆ? ಸೀಸದ ಬ್ಯಾಟರಿಗೆ ಗುಜರಿಯಲ್ಲಿ ಬೆಲೆ ಇದೆ. ಲಿಥಿಯಂ ಪ್ಯಾಕು ಮೊದಲು ಹೋಗೋದು ಬಿಚ್ಚಿ ನೋಡುವ ರಿಪೇರಿ ಅಂಗಡಿಗೆ. ಅಲ್ಲಿನ ಹುಡುಗರಿಗೆ ಸೀಸದ ಬ್ಯಾಟರಿಯ ಆಸಿಡ್ ಅಂದರೆ ಕೈ ಉರಿಯುತ್ತೆ, ನೀರು ಹಾಕಿ ತೊಳೆದರೆ ಆಯ್ತು ಅನ್ನೋ ಅನುಭವ. ತೂತಾದ ಲಿಥಿಯಂ ಸೆಲ್ಲಿನ ದ್ರವಕ್ಕೆ ಗಾಳಿಯ ತೇವ ತಗುಲಿದರೆ ಹುಟ್ಟೋದು ಹೈಡ್ರೋಫ್ಲೋರಿಕ್ ಆಮ್ಲ. ಕಡಿಮೆ ಪ್ರಮಾಣದಲ್ಲಿ ಮೊದಲಿಗೆ ಹೆಚ್ಚು ನೋವೇ ಆಗದೆ ಚರ್ಮದೊಳಗೆ ಇಳಿದು, ದೇಹದ ಕ್ಯಾಲ್ಸಿಯಂ ಹಿಡಿಯುವ ವಿಷ ಅದು. ತಗುಲಿದ ಜಾಗವನ್ನ ಧಾರಾಳ ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು, ಕ್ಯಾಲ್ಸಿಯಂ ಗ್ಲುಕೋನೇಟ್ ಚಿಕಿತ್ಸೆ ಬೇಕಾಗಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನ ತಯಾರಕರ ಮೇಲೆ ಹಾಕಿದೆ. ಆ ಹೊಣೆ ತಾಲೂಕು ಮಟ್ಟದಲ್ಲಿ ಕಣ್ಣಿಗೆ ಕಾಣುವ ಒಂದು ಸಂಗ್ರಹ ಕೇಂದ್ರವಾಗಿ ಇಳಿದಾಗ ಮಾತ್ರ ನಿಯಮಕ್ಕೆ ಅರ್ಥ.

ಹಾಗಾದರೆ ಏನು ಕೇಳಬೇಕು?

ಇದನ್ನ ಓದಿ ಎಲೆಕ್ಟ್ರಿಕ್ ಗಾಡಿ ಬೇಡ ಅನ್ನೋ ತೀರ್ಮಾನಕ್ಕೆ ಬರಬೇಡಿ. ಒಳ್ಳೇ ಸೆಲ್ ನಮ್ಮ ಬಿಸಿಲಲ್ಲೂ ಚೆನ್ನಾಗಿ ಬಾಳುತ್ತೆ. ಒಳ್ಳೇದು ಯಾವುದು, ಕಳಪೆ ಯಾವುದು ಅಂತ ಕೊಳ್ಳುವ ಮೊದಲು ತಿಳಿಯುವ ಹಕ್ಕು ನಮಗೆ ಬೇಕು ಅನ್ನೋದಷ್ಟೇ ನನ್ನ ವಾದ.

ಮೊದಲನೆಯದು, ಬಿಸಿಯ ಲೇಬಲ್. 2022ರ ಬೆಂಕಿ ಪ್ರಕರಣಗಳ ನಂತರ ಬಿಗಿಯಾದ ಎಐಎಸ್-156 ಮಾನದಂಡ ಮುಖ್ಯವಾಗಿ ನೋಡೋದು ಸುರಕ್ಷತೆಯನ್ನ, ಅಂದರೆ ಬ್ಯಾಟರಿ ಹೊತ್ತಿಕೊಳ್ಳುತ್ತಾ ಇಲ್ಲವಾ ಅನ್ನೋದನ್ನ. ಅದೇ ವರ್ಷ ಭಾರತೀಯ ಮಾನಕ ಬ್ಯೂರೋ ಬ್ಯಾಟರಿ ಪ್ಯಾಕ್‌ಗಳ ಕಾರ್ಯಕ್ಷಮತೆ ಪರೀಕ್ಷೆಗೂ ಮಾನದಂಡ ಪ್ರಕಟಿಸಿದೆ. ಆದರೆ ಅದರ ಫಲಿತಾಂಶ ಶೋರೂಮಿನ ಗೋಡೆಗೆ ಬರೋದಿಲ್ಲ. ಫ್ರಿಜ್ ಮೇಲೆ ನಕ್ಷತ್ರ ಅಂಟಿಸುವ ದೇಶಕ್ಕೆ, 40-45 ಡಿಗ್ರಿಯಲ್ಲಿ ಸಾವಿರ ಚಾರ್ಜ್ ಆದ ಮೇಲೆ ಎಷ್ಟು ಸಾಮರ್ಥ್ಯ ಉಳಿಯುತ್ತೆ ಅನ್ನೋ ಒಂದು ಸಂಖ್ಯೆ ಬರೆಸೋದು ಕಷ್ಟವಲ್ಲ. ಯುರೋಪಿನಲ್ಲಿ 2027ರ ಫೆಬ್ರವರಿಯಿಂದ ಸ್ಕೂಟರ್ ಬ್ಯಾಟರಿಗೂ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯವಾಗಲಿದೆ. ನಮ್ಮಲ್ಲೂ ಬ್ಯಾಟರಿಗೆ ಆಧಾರ್ ಮಾದರಿಯ ಸಂಖ್ಯೆ ಕೊಡುವ ಕರಡು ಬಂದಿದೆ. ಅದರಲ್ಲಿ ಬಾಳಿಕೆಯ ಮಾಹಿತಿ ಕೊಳ್ಳುಗನ ಮೊಬೈಲಿಗೆ ತೆರೆದಿರಬೇಕು.

ಎರಡನೆಯದು, ವಾರಂಟಿಯ ಭಾಷೆ. ಬ್ಯಾಟರಿ ಪೂರ್ತಿ ಸತ್ತರೆ ಬದಲಿಸ್ತೀವಿ ಅನ್ನೋ ವಾರಂಟಿ ಅರ್ಧ ವಾರಂಟಿ. ಇಂತಿಷ್ಟು ವರ್ಷಕ್ಕೆ ಶೇ 70ರಷ್ಟು ಸಾಮರ್ಥ್ಯ ಉಳಿಯುತ್ತೆ ಅಂತ ಬರೆದುಕೊಡುವ ವಾರಂಟಿಗಳೂ ಮಾರುಕಟ್ಟೆಯಲ್ಲಿವೆ, ಕೆಲವು ಹೆಚ್ಚುವರಿ ಹಣಕ್ಕೆ. ಸಬ್ಸಿಡಿ ಪಡೆಯುವ ಪ್ರತಿ ಗಾಡಿಗೂ ಇದನ್ನ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ನೀವೇ ಕೇಳಿ, ಲಿಖಿತದಲ್ಲಿ ಕೇಳಿ. ಪ್ರತಿ ಸರ್ವಿಸಿನಲ್ಲಿ ಉಳಿದ ಸಾಮರ್ಥ್ಯದ ವರದಿ ಕೇಳಿ.

ಮೂರನೆಯದು, ಪರೀಕ್ಷೆ ನಮ್ಮ ಬಿಸಿಲಲ್ಲಿ ಆಗಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಐಐಟಿ ಇದೆ, ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲೊಂದು ಸ್ವತಂತ್ರ ಬ್ಯಾಟರಿ ಬಾಳಿಕೆ ಪರೀಕ್ಷಾ ಕೇಂದ್ರಕ್ಕೆ ರಾಜ್ಯ ಸರ್ಕಾರ ಹಣ ಕೊಟ್ಟರೆ, ಸಾವಿರಾರು ಕೋಟಿಯ ಹೂಡಿಕೆ ಗುರಿಯ ಮುಂದೆ ಅದು ಚಿಲ್ಲರೆ. ಬಿಸಿಲಲ್ಲಿ ಕಂಬದ ಮೇಲೆ ಕುದಿಯುವ ಸೋಲಾರ್ ಬೀದಿದೀಪದ ಬ್ಯಾಟರಿಗಳನ್ನ ಪುರಸಭೆ, ಗ್ರಾಮ ಪಂಚಾಯಿತಿಗಳು ಕೊಳ್ಳುವಾಗ ಆ ಕೇಂದ್ರದ ವರದಿ ಕೇಳುವ ಹಾಗೆ ಟೆಂಡರ್ ಷರತ್ತು ಹಾಕಿದರೂ ಸಾಕು, ಮಾರುಕಟ್ಟೆ ತಾನಾಗಿ ಸರಿಹೋಗತೊಡಗುತ್ತೆ.

ಅದೆಲ್ಲ ಆಗುವವರೆಗೆ ಮನೆಯಲ್ಲಿ ಮಾಡಬಹುದಾದ್ದು: ಗಾಡಿ ನೆರಳಲ್ಲಿ ನಿಲ್ಲಿಸಿ. ಓಡಿ ಬಂದ ತಕ್ಷಣ ಚಾರ್ಜಿಗೆ ಹಾಕದೆ ಒಂದಷ್ಟು ಹೊತ್ತು ಆರಲು ಬಿಡಿ, ಸಾಧ್ಯವಾದರೆ ರಾತ್ರಿಯ ತಂಪಿನಲ್ಲಿ ಚಾರ್ಜ್ ಮಾಡಿ. ವಾರಗಟ್ಟಲೆ ಊರಿಗೆ ಹೋಗುವಾಗ ಫುಲ್ ಚಾರ್ಜ್ ಮಾಡಿ ಇಡಬೇಡಿ, ಅರ್ಧದಷ್ಟು ಸಾಕು. ಫಾಸ್ಟ್ ಚಾರ್ಜಿಂಗ್ ಅವಸರ ಇದ್ದಾಗ ಮಾತ್ರ. ಉಬ್ಬಿದ ಪ್ಯಾಕನ್ನ ಯಾರ ಕೈಯಿಂದಲೂ ಬಿಚ್ಚಿಸಬೇಡಿ.

ಇವು ಒಂದೆರಡು ವರ್ಷದ ಆಯುಷ್ಯ ಉಳಿಸಬಹುದು. ಆದರೆ ಕಾರ್ಖಾನೆಯಲ್ಲಿ ಹಾಕಿದ ದ್ರವದ ಗುಣವನ್ನ ಮನೆಯ ನೆರಳು ಬದಲಿಸೋದಿಲ್ಲ. ಅದರ ಲೆಕ್ಕವನ್ನ ಹಾಕಿದವರೇ ಕೊಡಬೇಕು, ಸರ್ಕಾರ ಕೇಳಿ ಕೊಡಿಸಬೇಕು. ಸಬ್ಸಿಡಿಯಾಗಿ ಹೋಗೋದು ನಮ್ಮ ತೆರಿಗೆಯ ದುಡ್ಡೇ. ಹಾಗಿರುವಾಗ ಆ ಲೆಕ್ಕ ಕೇಳೋಕೆ ನಾವು ಸಂಕೋಚಪಡುವ ಅಗತ್ಯ ಇಲ್ಲ.